ನರ್ಸಮ್ಮನ ಗಾಡಿಯಲ್ಲಿ ಹಿಡಿದಷ್ಟು

ಈಚೆಗೆ ನನ್ನ ವೆಲ್ಡಿಂಗ್ ಅಂಗಡಿಗೆ ಬರುವ ಕೆಲವರು ಬಾಯಿ ಬಿಡುವ ಮೊದಲೇ ಫೋನು ತೆಗೆದು ನನ್ನ ಮುಖದ ಮುಂದೆ ಹಿಡಿಯುತ್ತಾರೆ. ಫೋನಿನಲ್ಲಿ ಯಾವುದೋ ದೇಶದ ವ್ಯಾನು. ಒಳಗೆ ಮಂಚ, ಮಂಚದ ಕೆಳಗೆ ಖಾನೆಗಳು, ತಲೆಯ ಮೇಲೆ ಕಪಾಟು, ಕಪಾಟಿನಲ್ಲಿ ಗಾಜಿನ ಬರಣಿ, ಕಿಟಕಿಯಲ್ಲೊಂದು ಹೂವಿನ ಕುಂಡ. “ಹಿಂಗ ಮಾಡಿಕೊಡ್ರಿ ಮೇಸ್ತ್ರಿ, ಗೋವಾಕ್ಕ ಹೋಗೋದದ,” ಎನ್ನುತ್ತಾರೆ. ನಾನು ಕೇಳುವುದು ಒಂದೇ ಮಾತು: “ಇದ್ರಾಗ ನಿಮಗ ಏನೇನು ಬ್ಯಾಡ?” ಕೆಲವರು ನಗುತ್ತಾರೆ. ಕೆಲವರು ಕುಂಡ ಬಿಟ್ಟು ಬರಣಿ ಉಳಿಸಿಕೊಳ್ಳುತ್ತಾರೆ.

ಆ ಮಾತು ನನ್ನದಲ್ಲ. ಅದನ್ನು ನನ್ನ ಬಾಯಿಗೆ ಹಾಕಿದವರು ಹೋದ ಮಳೆಗಾಲದಲ್ಲಿ ತೀರಿಕೊಂಡರು. ನೌಕರಿಯಿಂದ ನಿವೃತ್ತರಾದ ದಿನ ಅವರಿಗೆ ಶಾಲು ಹೊದಿಸಿ ಭಾಷಣ ಮಾಡಿದವರು ಬಹಳ ಜನ. ಸತ್ತ ಮೇಲೆ ಯಾರೂ ಏನೂ ಬರೆಯಲಿಲ್ಲ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಕಬ್ಬಿಣ ಕೊಯ್ದಷ್ಟು ಸಲೀಸಾಗಿ ಪೆನ್ನು ಓಡುವುದಿಲ್ಲ. ಆದರೂ ಇನ್ನೊಬ್ಬರ ಕೈಯಲ್ಲಿ ಬರೆಸುವವನಲ್ಲ, ನಾನೇ ಬರೆಯುತ್ತಿದ್ದೇನೆ.

ಅವರ ಹೆಸರು ಬೇಡ. ಜನ ನರ್ಸಮ್ಮ ಎನ್ನುತ್ತಿದ್ದರು, ನಾನು ಅಕ್ಕಾರ ಎನ್ನುತ್ತಿದ್ದೆ. ಮದುವೆಯಾಗಿ ಸ್ವಲ್ಪ ದಿನಕ್ಕೇ ಗಂಡ ತೀರಿಹೋಗಿ, ತವರಿಗೆ ಮರಳದೆ ನರ್ಸ್ ತರಬೇತಿಗೆ ಹೋದವರು. ಆಮೇಲೆ ಇಡೀ ಆಯುಷ್ಯ ರಾಯಚೂರು, ಮಾನ್ವಿ, ದೇವದುರ್ಗದ ಹಳ್ಳಿ ದವಾಖಾನೆಗಳಲ್ಲೇ ಕಳೆಯಿತು. ಒಂದು ಕಡೆ ಕಾಲೂರುವಷ್ಟರಲ್ಲಿ ಇನ್ನೊಂದು ಕಡೆಗೆ ವರ್ಗ.

ನಾನು ಮೊದಲು ಕಂಡದ್ದು ಗುಂಜಹಳ್ಳಿಯ ದವಾಖಾನೆಯಲ್ಲಿ. ಆಗಿನ್ನೂ ಕೆಲಸ ಕಲಿಯುತ್ತಿದ್ದೆ. ತಗಡು ಜಾರಿ ಅಂಗೈ ಸೀಳಿತ್ತು. ಅಕ್ಕ ಹೊಲಿಗೆ ಹಾಕುತ್ತ, “ಅಳಬೇಕಂದ್ರ ಅಳು, ನಾ ಯಾರಿಗೂ ಹೇಳಂಗಿಲ್ಲ,” ಅಂದರು.

“ನಾ ಅಳೋನಲ್ರಿ.”

“ಮತ್ತ ಕೈ ಯಾಕ ನಡಗಾಕತ್ತದ?”

“ಅದು ಕೈ ನಡಗೋದ್ರಿ, ನಾನಲ್ಲ.”

ಅಕ್ಕ ಸೂಜಿ ಹಿಡಿದುಕೊಂಡೇ ನಕ್ಕುಬಿಟ್ಟರು. ಅವರ ನಗು ಬಾಯಿಯಲ್ಲಿ ಇರುತ್ತಿರಲಿಲ್ಲ, ಭುಜದಲ್ಲಿ ಇರುತ್ತಿತ್ತು. ಸದ್ದಿಲ್ಲದೆ ಭುಜ ಎರಡೂ ಕುಣಿಯುತ್ತಿದ್ದವು. ಆಮೇಲೆ ನಾನು ರಾಯಚೂರಿನಲ್ಲಿ ಸ್ವಂತ ಅಂಗಡಿ ಹಾಕಿದೆ, ಅವರೂ ಊರೂರು ತಿರುಗಿ ಕೊನೆಗೆ ರಾಯಚೂರಿಗೇ ಬಂದರು. ಆ ದಾರಿಯಲ್ಲಿ ಹೋಗುವಾಗೆಲ್ಲ ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ನಿಲ್ಲುತ್ತಿದ್ದರು ಅಂದರೆ ನಿಲ್ಲುತ್ತಲೇ ಇದ್ದರು. ಕುರ್ಚಿ ಹಾಕಿದರೆ ಅದರ ಬೆನ್ನಿಗೆ ಕೈಯಿಟ್ಟು ನಿಂತು ಚಹಾ ಕುಡಿಯುವರು. ಕಣ್ಣು ರಸ್ತೆಯ ಮೇಲೆ. ಮಾತು ನನ್ನ ಜೊತೆ, ಕಿವಿ ಹೋಗುವ ಬಸ್ಸಿನ ಕಡೆ. “ಕೂಡ್ರಿ ಅಕ್ಕಾರ,” ಅಂದರೆ, “ಕುಂತ್ರ ಯಾರರ ಕರೀತಾರ,” ಅನ್ನುವರು. ಅದು ಹೆರಿಗೆ ಮಾಡಿಸಿ ಮಾಡಿಸಿ ಬಂದ ರೂಢಿ. ಉಣ್ಣಲು ಕೂತಾಗಲೇ ಬಾಗಿಲು ಬಡಿಯುತ್ತಿದ್ದರಂತೆ ಜನ.

ಅವರ ಕ್ವಾರ್ಟರ್ಸಿಗೂ ಹೋಗಿದ್ದೇನೆ. ಗೋಡೆಗೆ ಒಂದು ಮೊಳೆ ಇರಲಿಲ್ಲ. ಕ್ಯಾಲೆಂಡರು ಕಿಟಕಿಯ ಸರಳಿಗೆ ನೇತಾಡುತ್ತಿತ್ತು. “ಮೊಳಿ ಹೊಡದು ಕೊಡಲೇನ್ರಿ?” ಎಂದು ಕೇಳಿದ್ದೆ. “ಇದು ನಂದಲ್ಲೋ ತಮ್ಮಾ, ಸರಕಾರದ ಗ್ವಾಡಿ. ಹೋಗುಮುಂದ ತೂತಿನ ಲೆಕ್ಕ ಯಾರು ಕೊಡಬೇಕು?” ಅಂದರು.

ನಿವೃತ್ತರಾದ ಕೆಲವು ದಿನಗಳಲ್ಲಿ, ಶಾಲೆಯ ಮಕ್ಕಳನ್ನು ಒಯ್ದು ಒಯ್ದು ಸವೆದಿದ್ದ ಒಂದು ಸಣ್ಣ ವ್ಯಾನನ್ನು ತಾವೇ ನಡೆಸಿಕೊಂಡು ಬಂದು ನನ್ನ ಅಂಗಡಿಯ ಮುಂದೆ ನಿಲ್ಲಿಸಿದರು. ವಯಸ್ಸಾದ ಮೇಲೆ ಡ್ರೈವಿಂಗ್ ಕಲಿತಿದ್ದರು. ನನಗೆ ಹೇಳಿರಲಿಲ್ಲ.

“ಇದ್ರಾಗ ನಾ ಇರಬೇಕು,” ಅಂದರು.

“ಇರೋದಂದ್ರ?”

“ಇರೋದಂದ್ರ ಇರೋದು. ಉಣ್ಣೂದು, ಮಲಗೂದು. ಇಂದ ಒಂದೂರಾಗ, ನಾಳಿ ಒಂದೂರಾಗ. ಎಲ್ಲಾ ಕಡಿ ಇದ್ದೀನಿ, ಎಲ್ಲೂ ನನ್ನದೊಂದು ಬಾಗಲಾ ಇರಲಿಲ್ಲ. ಇದಕ್ಕ ಬಾಗಲಾ ಅದ.”

ನಾನು ಗಾಡಿಯನ್ನು ಒಂದು ಸುತ್ತು ಹಾಕಿದೆ. ಗೇಟು, ಗ್ರಿಲ್, ಟ್ರ್ಯಾಕ್ಟರ್ ಟ್ರೈಲರ್ ಮಾಡಿದ ಕೈ ನನ್ನದು. ಮನೆ ಮಾಡಿರಲಿಲ್ಲ. ಗೊತ್ತಿಲ್ಲ ಅನ್ನುವುದು ನನ್ನ ನಾಲಿಗೆಗೆ ಬರುವುದಿಲ್ಲ. “ಆತ್ರಿ,” ಅಂದೆ.

ಅಳತೆ ತೆಗೆದುಕೊಂಡು ಹೋದವರು ಒಂದು ವಾರ ಮುಖ ತೋರಿಸಲಿಲ್ಲ. ಏನಾಯಿತೆಂದು ನೋಡಲು, ಅವರಿನ್ನೂ ಖಾಲಿ ಮಾಡಿರದ ಕ್ವಾರ್ಟರ್ಸಿಗೆ ಹೋದೆ. ಹೊರಗಿನ ಖೋಲಿಯ ನೆಲದ ಮೇಲೆ ಸೀಮೆಸುಣ್ಣದಿಂದ ಗಾಡಿಯ ಒಳಗಿನಷ್ಟೇ ಉದ್ದಗಲದ ಚೌಕ ಬರೆದು, ಅದರ ನಡುವೆ ಅಕ್ಕ ನಿಂತಿದ್ದರು. ಒಂದು ಮೂಲೆಯಲ್ಲಿ ಹಾಸಿಗೆ, ಒಂದು ಮೂಲೆಯಲ್ಲಿ ಒಲೆ, ನೀರಿನ ಕ್ಯಾನು, ಬಕೆಟ್ಟು. ಉಳಿದ ಸಾಮಾನೆಲ್ಲ ಗೆರೆಯ ಆಚೆ ರಾಶಿ.

“ಒಳಗ ಬರಬ್ಯಾಡ, ಗ್ವಾಡಿ ಅದ,” ಅಂದರು.

ನಾನು ಗೆರೆಯ ಹೊರಗೇ ನಿಂತೆ. ಅಷ್ಟು ದಿನವೂ ಅವರು ಆ ಚೌಕದೊಳಗೆ ಅಡುಗೆ ಮಾಡಿ, ಅಲ್ಲೇ ಉಂಡು, ಅಲ್ಲೇ ಮಲಗಿದ್ದರು. ಗೆರೆ ದಾಟಿ ಒಂದು ವಸ್ತು ತರಬೇಕಾದರೆ ಅದರ ಬದಲು ಒಳಗಿನ ಒಂದು ವಸ್ತು ಹೊರಗೆ ಹೋಗಬೇಕು. ಚಪ್ಪಟೆ ತಟ್ಟೆ ಬಂದಾಗ ಒಗ್ಗರಣೆ ಸೌಟು ಹೋಯಿತು. ಕೌದಿ ಬಂದಾಗ ದಿಂಬು ಹೋಯಿತು. ಕೌದಿ ಮಡಿಸಿದರೆ ಅದೇ ದಿಂಬು. ಪಾತೆಲಿಯ ಮುಚ್ಚಳ ಉಳಿಯಿತು, ಹಂಚು ಹೋಯಿತು. ಬಿಸಿರೊಟ್ಟಿ ಇಲ್ಲ, ಕಡಕ್ ರೊಟ್ಟಿಯೇ ಎಂದು ತೀರ್ಮಾನ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಬೆಂಕಿ ಬೇಕಾಗುವುದು ಚಹಾಕ್ಕೆ, ಬೇಳೆಗೆ ಅಷ್ಟೆ.

ಇದರಿಂದ ಪಕ್ಕದ ಮನೆಯಲ್ಲಿ ಒಂದು ಗಲಾಟೆಯೇ ಆಗಿತ್ತು. ಪಕ್ಕದ ಕ್ವಾರ್ಟರ್ಸಿನ ಬೀಬಿ ಬಟ್ಟಲಲ್ಲಿ ಖೀರು ಹಿಡಿದುಕೊಂಡು ಬಂದು, ಬಿಳಿ ಗೆರೆಯೊಳಗೆ ಪಾತ್ರೆ ಇಟ್ಟುಕೊಂಡು ಕೂತ ಅಕ್ಕನನ್ನು ನೋಡಿ, ಬಾಗಿಲಲ್ಲೇ ಗಪ್ಪನೆ ನಿಂತರಂತೆ.

“ಯಾ ಅಲ್ಲಾ! ನರ್ಸಮ್ಮಾ, ಯಾರು ಮಾಡ್ಯಾರ ಇದು ನಿಮಗ?”

“ನಾನ ಮಾಡ್ಕೊಂಡೀನಿ.”

“ತಮಗ ತಾವ ಯಾರರ ಮಾಟ ಮಾಡ್ಕೊಂತಾರೇನು! ಹೊರಗ ಬರಬ್ಯಾಡ್ರಿ, ನಾ ದರ್ಗಾದಾಗ ನೀರು ಓದಿಸಿಕೊಂಡು ಬರ್ತೀನಿ,” ಎಂದು ಖೀರಿನ ಬಟ್ಟಲು ಹಿಡಿದುಕೊಂಡೇ ಓಡಿದರು. ನೀರು ಬಂತು, ನೆಲಕ್ಕೆ ಬಿತ್ತು, ಅರ್ಧ ಗೋಡೆ ಅಳಿಸಿಹೋಯಿತು. ಅಕ್ಕ ಮತ್ತೆ ಬರೆದುಕೊಂಡರು. “ಖೀರು ಮಾತ್ರ ಸಿಗಲಿಲ್ಲ ನೋಡು,” ಎಂದು ಇದನ್ನು ಹೇಳುವಾಗ ಭುಜ ಕುಣಿಯಿತು.

ಕೆಲಸ ಶುರುವಾಯಿತು. ಮಂಚವನ್ನು ನಾನು ಪೆಟ್ಟಿಗೆಯ ಹಾಗೆ ಮಾಡಿದೆ. ಮೇಲೆ ಮಲಗುವುದು, ಕೆಳಗೆ ಸಾಮಾನು. ಮುಚ್ಚಳಕ್ಕೆ ದಪ್ಪ ಕಬ್ಬಿಣದ ಹಾಳೆ ಹಾಕಿ, ಆನೆ ನಿಂತರೂ ಬಗ್ಗದ ಹಾಗೆ ವೆಲ್ಡ್ ಮಾಡಿದೆ. ಅಕ್ಕ ಬಂದು ಎತ್ತಲು ನೋಡಿದರು. ಏಳಲಿಲ್ಲ.

“ಇದರ ಮ್ಯಾಲ ಯಾರು ಮಲಗವ್ರು?”

“ನೀವ್ರಿ.”

“ನಾ ಆನಿ ಏನು? ತಗದ್ಬಿಡು.”

ನನಗೆ ಸಿಟ್ಟು ಬಂತು. ಇಡೀ ರಾಯಚೂರಿನಲ್ಲಿ ನನ್ನ ಕೆಲಸಕ್ಕೆ ಕುಂದು ಹೇಳಿದವರಿಲ್ಲ. ಎರಡು ದಿನ ಗಾಡಿಯನ್ನು ಮುಟ್ಟಲಿಲ್ಲ. ಮೂರನೇ ದಿನ ಅಕ್ಕ ಬಂದು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತರು. ಚಹಾ ತರಿಸಿದೆ. ಕುಡಿದರು. ನಿಂತೇ ಇದ್ದರು. ಆ ನಿಲುವಿನ ಮುಂದೆ ನನ್ನ ಸಿಟ್ಟಿಗೆ ಕೂರಲು ಜಾಗ ಸಿಗಲಿಲ್ಲ. ಹಾಳೆ ತೆಗೆದು ತೆಳ್ಳನೆ ಪ್ಲೈವುಡ್ ಹಾಕಿ ಕೊಟ್ಟೆ. ಒಂದು ಬೆರಳಿನಿಂದ ಎತ್ತಿ ತೋರಿಸಿ, “ಹಿಂಗ,” ಅಂದರು.

ಇನ್ನೊಂದು ವಿಷಯ ನನಗೆ ಕೇಳಲು ಬಾಯಿ ಬರಲಿಲ್ಲ. ಅವರೇ ಎತ್ತಿದರು. “ಒಂದಕ್ಕ, ಎರಡಕ್ಕ ಏನು ಜಾಗ ಮಾಡಿದಿ?” ನಾನು ವೆಲ್ಡಿಂಗ್ ಗ್ಲಾಸು ಒರೆಸತೊಡಗಿದೆ. “ತಲಿ ಯಾಕ ಕೆಳಗ ಹಾಕ್ತಿ? ನಾ ಇಷ್ಟ ವರ್ಷ ಊರ ಜನರದೆಲ್ಲಾ ಎತ್ತೀನಿ. ಗಂಡಸ್ರು ಎಲ್ಲ್ಯರ ಗಾಡಿ ನಿಲ್ಲಸ್ತೀರಿ. ಹೆಂಗಸು ದಾರ್ಯಾಗ ಹೊಂಟಳಂದ್ರ ಮುಂಜಾನಿಂದ ನೀರು ಕುಡ್ಯಾಂಗಿಲ್ಲ, ಗೊತ್ತದೇನು ನಿನಗ?” ಗೊತ್ತಿರಲಿಲ್ಲ. ನನ್ನ ಹೆಂಡತಿ ಬಸ್ಸಿನಲ್ಲಿ ಯಾಕೆ ನೀರು ಒಲ್ಲೆ ಅನ್ನುತ್ತಾಳೆಂದು ಅವತ್ತು ತಿಳಿಯಿತು. ಹಿಂಬಾಗಿಲ ಪಕ್ಕ ಬಿಗಿ ಮುಚ್ಚಳದ ಬಕೆಟ್ಟು ಕೂರುವ ಒಂದು ಚೌಕಟ್ಟು, ಸುತ್ತ ಜಾರುವ ಪರದೆ ಮಾಡಿದೆ. ಇಡೀ ಗಾಡಿಯಲ್ಲಿ ನಾನು ತುಂಬಾ ಜತನದಿಂದ ಮಾಡಿದ ಕೆಲಸ ಅದು.

ಎಲ್ಲ ತುಂಬಿದ ಮೇಲೆ ಪರೀಕ್ಷೆ. ಅಕ್ಕ ಗಾಡಿ ನಡೆಸುವುದು, ನಾನು ಹಿಂದೆ ಮಂಚದ ಮೇಲೆ ಮಲಗಿ ಯಾವುದು ಸಪ್ಪಳ ಮಾಡುತ್ತದೆಂದು ಕೂಗಿ ಹೇಳುವುದು. ಸಪ್ಪಳ ಮಾಡಿದ್ದು ಗಾಡಿಯಿಂದ ಇಳಿಯಬೇಕು. ಹಾಗೆಂದು ಅವರ ಕಾನೂನು. ಯರಗೇರಾ ಕಡೆ ಒಂದು ಕೆಟ್ಟ ರಸ್ತೆ ಹುಡುಕಿ ಬಿಟ್ಟರು.

“ಚಮಚಾ!” ಎಂದು ಕೂಗಿದೆ.

“ಒಂದ ಸಾಕು, ಉಳದದ್ದು ತಗಿ!”

“ಬೀಗದ ಸರಪಳಿ!”

“ಅದಕ್ಕ ಅರಿವಿ ಸುತ್ತು!”

“ತಾಟು, ಎರಡು ತಾಟು ಬಡದಾಡಾಕತ್ತಾವ!”

“ಒಂದ ತಾಟು ಬಡದಾಡ್ತದೇನು?”

“ಇಲ್ರಿ!”

“ಹಂಗಾದ್ರ ಒಂದ ಇರಲಿ!”

ಎರಡನೇ ತಾಟು, ಎರಡನೇ ಲೋಟ ಹೀಗೆ ಇಳಿದುಹೋದವು. ಕೊನೆಗೆ ಗಾಡಿ ಹೊಲದ ಬದುವಿನಂಥ ರಸ್ತೆಯಲ್ಲೂ ತುಟಿ ಬಿಚ್ಚದೆ ಓಡಿತು. ನಮ್ಮಿಬ್ಬರಿಗೂ ಬಹಳ ಹೆಮ್ಮೆಯಾಯಿತು.

ಅಷ್ಟರಲ್ಲಿ ಅಕ್ಕನ ಅಣ್ಣನಿಗೆ ಸುದ್ದಿ ಮುಟ್ಟಿತ್ತು. ಮಾನ್ವಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವರು, ಮರ್ಯಾದಸ್ಥರು. ಹೊರಡುವ ಮುಂಚಿನ ದಿನ ನನ್ನ ಅಂಗಡಿಗೇ ಬಂದರು. ಬಂದವರೇ ಗಾಡಿಯ ಮೈಯನ್ನು ಕೊಡೆಯ ತುದಿಯಿಂದ ತಟ್ಟಿದರು.

“ಏನೋ ಮೇಸ್ತ್ರಿ, ಇದೇನು ನನ್ನ ತಂಗಿಗೆ ಮಾಡಿದ ಮನಿ?”

“ಹೌದ್ರಿ.”

“ನನ್ನ ಮನ್ಯಾಗ ಅಕಿಗೆ ಖೋಲಿ ತೆಗದಿಟ್ಟೀನಿ. ಬಣ್ಣಾ ಹಚ್ಚಿಸೀನಿ, ಫ್ಯಾನ್ ಹಾಕಿಸೀನಿ. ಅದನ್ನ ಬಿಟ್ಟು ರೋಡಿನ್ಯಾಗ ಮಲಗಿದ್ರ ಮಂದಿ ಏನಂತಾರ? ಅಣ್ಣಗ ಒಂದು ಖೋಲಿ ಕೊಡೋ ಯೋಗ್ಯತಾ ಇರಲಿಲ್ಲ ಅಂತಾರ. ಅದನ್ನ ಕೇಳ್ಕೊಂತ ನಾ ಅಂಗಡ್ಯಾಗ ಕುಂಡ್ರಬೇಕೇನು?”

ಅವರ ಮಾತು ಸುಳ್ಳಲ್ಲ. ಖೋಲಿಗೆ ಬಣ್ಣ ಹಚ್ಚಿಸಿದ್ದು ಪ್ರೀತಿಯಿಂದಲೇ. ಅಕ್ಕನಿಗೂ ಅದು ಗೊತ್ತಿತ್ತು. “ಅಣ್ಣಾ, ಖೋಲಿ ಚೊಲೊ ಅದ. ಆದ್ರ ಅದು ನಿನ್ನ ಮನ್ಯಾಗಿನ ಖೋಲಿ,” ಅಂದರು ಮೆಲ್ಲಗೆ.

ಅಣ್ಣ ಕೊಡೆಯನ್ನು ಗಾಡಿಗೆ ಆನಿಸಿ, ಒಂದು ಪಣ ಕಟ್ಟಿದರು. “ಆತು. ಹೋಗಿ ಬಾ ಒಂದು ಸುತ್ತು. ಗುಂಜಳ್ಳಿ, ಸಿರವಾರ, ದೇವದುರ್ಗದ ಕಡಿ, ಕಡೀಕ ಮಾನ್ವಿ. ದಾರ್ಯಾಗ ಒಂದ ಒಂದು ರಾತ್ರಿ ಈ ಡಬ್ಬ್ಯಾಗ ಮಲಗಿ ಬಾ. ಯಾರ ಮನಿ ಬಾಗಲಾನೂ ತಟ್ಟದ. ಮಲಗಿದ್ರ ನಾ ಬಾಯಿ ತಗ್ಯಾಂಗಿಲ್ಲ. ಇಲ್ಲಂದ್ರ ಕೀಲಿ ನನ್ನ ಕೈಯಾಗ ಕೊಟ್ಟು ಖೋಲಿಗೆ ಬರಬೇಕು.”

“ಒಂದ ರಾತ್ರಿ ಏನು ಮಹಾ,” ಅಂದರು ಅಕ್ಕ. “ಆತು.”

ನನಗೂ ಅದೇನು ಮಹಾ ಅನ್ನಿಸಿತ್ತು. ನನ್ನ ಕೆಲಸದ ಮೇಲೆ ನನಗೆ ಭರವಸೆ. ಏನಾದರೂ ಸಡಿಲಾದರೆ ಬಿಗಿಯಲು ಬೇಕೆಂದು ಹತ್ಯಾರದ ಚೀಲ ಕಟ್ಟಿಕೊಂಡು ನನ್ನ ಬೈಕಿನಲ್ಲಿ ಗಾಡಿಯ ಹಿಂದೆ ಹೊರಟೆ.

ಗುಂಜಹಳ್ಳಿ ಮುಟ್ಟಿದಾಗ ಹೊತ್ತು ಇಳಿದಿತ್ತು. ಜೋಳ ಹಾಲು ತುಂಬುವ ಕಾಲ. ಹೊಲದಲ್ಲಿ ಎಳೆ ತೆನೆ ಸುಟ್ಟು ಸೀತನಿ ಮಾಡುವ ಹೊಗೆ. ಅಕ್ಕ ಹಳೆಯ ದವಾಖಾನೆಯ ಹತ್ತಿರ ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿ, ಒಲೆ ಹೊರಗೆ ತೆಗೆಯಲೂ ಇಲ್ಲ, ಎದುರು ಮನೆಯ ಗೌಡ ದಾಪುಗಾಲು ಹಾಕಿ ಬಂದ.

“ನರ್ಸಮ್ಮಾರ, ಇದೇನ್ರಿ ಇದು? ನಮ್ಮನಿ ಇಲ್ಲಿರುಮುಂದ ನೀವು ಗಾಡ್ಯಾಗ ಮಲಗೋದಂದ್ರ? ಊರಾಗ ನಾವೆಲ್ಲಾ ಸತ್ತೀವೇನು?”

“ಹಂಗಲ್ಲೋ ಗೌಡಾ, ನನಗ ಇಲ್ಲೇ ಆರಾಮ ಅದ.”

“ನಿಮಗ ಆರಾಮರಿ, ನಮಗ ಅಪಮಾನ.”

ಆತ ಹುಟ್ಟಿದ್ದು ಅಕ್ಕನ ಕೈಯಲ್ಲಿ. ಹೆಂಡತಿ, ತಾಯಿ, ಮಕ್ಕಳು ಎಲ್ಲ ಬಂದು ಸುತ್ತ ನಿಂತರು. ಅಕ್ಕ ಇಳಿದು ಹೋಗಿ ಅವರ ಪಡಸಾಲೆಯಲ್ಲಿ ಮಲಗಿದರು. ಬೆಳಿಗ್ಗೆ ಗಾಡಿಯೊಳಗೆ ಒಂದು ಚೀಲ ಶೇಂಗಾ, ಎರಡು ಕುಂಬಳಕಾಯಿ ಏರಿದ್ದವು. ಬೇಡ ಅಂದರೆ ಯಾರೂ ಕೇಳಲಿಲ್ಲ.

ಸಿರವಾರದಲ್ಲೂ ಅದೇ ಪಾಡು. ಇಲ್ಲಿ ಅಕ್ಕ ಜಾಣತನ ಮಾಡಿ ಊರ ಹೊರಗೆ ಕಾಲುವೆಯ ದಂಡೆಗೆ ನಿಲ್ಲಿಸಿದರು. ಹೇಗೆ ಗೊತ್ತಾಯಿತೋ, ಅಕ್ಕಿ ಗಿರಣಿಯವರ ಮನೆಯ ಹೆಣ್ಣುಮಕ್ಕಳು ಒಂದು ಹಿಂಡು ಬಂದು, ಕೈ ಹಿಡಿದು ಎಳೆದುಕೊಂಡು ಹೋದರು. ಮರುದಿನ ಒಂದು ಚೀಲ ಅಕ್ಕಿ ಬಂತು. ಅದರ ಮೇಲೆ ಕಾಲು ಕಟ್ಟಿದ ಒಂದು ಜೀವಂತ ಕೋಳಿ. ದೇವದುರ್ಗದ ರಸ್ತೆಯುದ್ದಕ್ಕೂ ಕೋಳಿ ಗಾಡಿಯೊಳಗಿಂದ ಕೂಗುತ್ತಲೇ ಇತ್ತು. ಒಂದು ಕಡೆ ಅಕ್ಕ ಗಾಡಿ ನಿಲ್ಲಿಸಿದಾಗ ನಾನು ಬೈಕಿನಿಂದ ಕೇಳಿದೆ: “ಸಪ್ಪಳ ಮಾಡಿದ್ದು ಇಳೀಬೇಕು ಅಂದಿದ್ರಿ?”

“ಬಾಯಿ ಮುಚ್ಚು,” ಅಂದರು. ಆ ಸಲ ಭುಜ ಕುಣಿಯಲಿಲ್ಲ.

ಹಿಂಬಾಗಿಲು ತೆಗೆದರು. ಕಾಲಿಡಲು ಜಾಗವಿರಲಿಲ್ಲ. ಮಂಚದ ಮೇಲೆ ಚೀಲ, ಚೀಲದ ಮೇಲೆ ಕುಂಬಳಕಾಯಿ, ಎಲ್ಲದರ ಮೇಲೆ ಕೋಳಿ. ಎಷ್ಟು ಯೋಚಿಸಿ, ಎಷ್ಟು ಬಿಟ್ಟು, ಎಷ್ಟು ಕಡಿಮೆ ಮಾಡಿ ಮಾಡಿದ ಜಾಗ ಅದು. ಅಕ್ಕ ರಸ್ತೆಯ ಬದಿಗೆ ಅತ್ತಿಂದಿತ್ತ ಓಡಾಡಿದರು. ಸೆರಗು ಸಿಕ್ಕಿಸುವರು, ಬಿಚ್ಚುವರು, ಮತ್ತೆ ಸಿಕ್ಕಿಸುವರು. “ಇಂದ ಒಂದ ರಾತ್ರಿ ಉಳದದ. ನಾಳಿ ಮಾನ್ವಿ. ಅಣ್ಣನ ಓಣ್ಯಾಗ ಗಾಡ್ಯಾಗ ಮಲಗಾಕ ಆಗ್ತದೇನು? ಆಗಂಗಿಲ್ಲ.”

“ಹೊಲದಾಗ ಎಲ್ಲ್ಯರ ನಿಲ್ಲಸ್ರಿ, ಯಾರಿಗೂ ಕಾಣದಂಗ.”

“ನಾ ಕಳ್ಳಿ ಅಲ್ಲೋ ತಮ್ಮಾ, ಮುಚ್ಚಿಟ್ಕೊಂಡು ಮಲಗಾಕ.”

ಮತ್ತೆ ಓಡಾಡಿದರು. ಥಟ್ಟನೆ ನಿಂತರು. “ನಾವು ಸಾಮಾನು ಕಟ್ಟಿದ್ದ ತಪ್ಪು,” ಅಂದರು. ನನಗೆ ಅರ್ಥವಾಗಲಿಲ್ಲ. “ಒಂದ ತಾಟು, ಒಂದ ಲೋಟ. ಬಂದವ್ರಿಗೆ ಒಂದು ತುತ್ತು ಹಾಕಾಕ ಬರದಿದ್ದದ್ದು ಮನಿ ಹೆಂಗಾಗ್ತದ? ಗೌಡ ಅಂದದ್ದು ಬರೋಬ್ಬರಿ ಅದ. ಅವ ಗಾಡಿ ನೋಡಿದ, ಗಾಡಿ ಅಂದ.”

ದೇವದುರ್ಗದ ಬಜಾರಿನಲ್ಲಿ ಗಾಡಿ ನಿಲ್ಲಿಸಿ ಒಂದು ತಾಟು, ಒಂದು ಲೋಟ ಕೊಂಡರು. ಸಪ್ಪಳವಾಗದ ಹಾಗೆ ತಮ್ಮ ಹಳೆಯ ಸೀರೆಯ ತುಂಡನ್ನು ಎರಡು ತಾಟುಗಳ ನಡುವೆ ಇಟ್ಟರು. ಅದಕ್ಕೆ ಜಾಗ ಮಾಡಲು ಮಂಚದ ಕೆಳಗಿಟ್ಟಿದ್ದ ಮೂರು ಸೀರೆಗಳಲ್ಲಿ ಒಂದನ್ನು ತೆಗೆದು, ಮೈಮೇಲಿನ ಸೀರೆಯ ಮೇಲೆ ಶಾಲಿನ ಹಾಗೆ ಹೊದ್ದುಕೊಂಡರು.

ಆ ದಿನದ ಹಳ್ಳಿ ದೇವದುರ್ಗದಾಚೆ, ಅವರು ಕೆಲಸ ಮಾಡಿದ ಊರುಗಳಲ್ಲಿ ತೀರ ಸಣ್ಣದು. ಅಲ್ಲಿ ಒಬ್ಬ ಮುದುಕಿ. ಕೂಲಿ ಮಾಡಿ ಮಕ್ಕಳನ್ನು ಬೆಳೆಸಿದವಳು. ಆಕೆಯ ಎಲ್ಲ ಹೆರಿಗೆಗೂ ಅಕ್ಕನದೇ ಕೈ. ಗಾಡಿ ಕಂಡದ್ದೇ ಅಂಗಳದಿಂದ ಕೂಗಿದಳು: “ಬಾ ಯವ್ವಾ, ಹಾಸೀನಿ, ಕೈಕಾಲು ತೊಳ್ಕೊ!”

ಅಕ್ಕ ಇಳಿಯಲಿಲ್ಲ. ಒಳಗಿನಿಂದಲೇ ಹಿಂಬಾಗಿಲು ತೆಗೆದರು. ನಾನು ಬೈಕು ನಿಲ್ಲಿಸುವಷ್ಟರಲ್ಲಿ ಚೀಲಗಳನ್ನು ಬದಿಗೆ ಸರಿಸಿ, ಮಂಚದ ಮೇಲೆ ಕೌದಿ ಹಾಸಿದ್ದರು.

“ನಿಮ್ಮನಿಗೆ ಬರ್ತೀನಿ ಯವ್ವಾ. ಆದ್ರ ಮೊದಲ ನೀ ನಮ್ಮನಿಗೆ ಬಾ. ನಾ ನಿಮ್ಮನ್ಯಾಗ ಎಷ್ಟು ಸಲ ಉಂಡೀನಿ, ನೀ ನಮ್ಮನ್ಯಾಗ ಒಮ್ಮ್ಯರ ಉಂಡಿಯೇನು?”

“ನಿನಗ ಮನಿ ಎಲ್ಲಿತ್ತ ಯವ್ವಾ, ಉಣ್ಣಾಕ?”

“ಈಗ ಅದ. ಬಾ.”

ಮುದುಕಿ ಗಾಡಿಯನ್ನು ನೋಡಿದಳು, ಅಕ್ಕನನ್ನು ನೋಡಿದಳು. ಸೆರಗು ತಲೆಗೆಳೆದುಕೊಂಡು, ನನ್ನ ಭುಜ ಹಿಡಿದು ಏರಿದಳು. ಮಂಚದ ಮೇಲೆ ಕೂತು ಸುತ್ತ ಕಣ್ಣಾಡಿಸಿದಳು. ಪರದೆ ಎಳೆದು ನೋಡಿ, ಬಕೆಟ್ಟು ಕಂಡು, “ಇದು ಭಾಳ ಶಾಣ್ಯಾ ಕೆಲಸ,” ಎಂದು ನನ್ನ ಕಡೆ ತಿರುಗಿ ಹೇಳಿದಳು. ನನಗೆ ಬಂದ ಹೊಗಳಿಕೆಯಲ್ಲೆಲ್ಲ ಅದು ದೊಡ್ಡದು. ಅಕ್ಕ ಕಡಕ್ ರೊಟ್ಟಿಗೆ ಎಣ್ಣೆ, ಶೇಂಗಾ ಪುಡಿ ಹಾಕಿ ಹೊಸ ತಾಟಿನಲ್ಲಿ ಕೊಟ್ಟು, ತಾವು ಹಳೆಯ ತಾಟು ಹಿಡಿದರು. ನನಗೆ ಪಾತೆಲಿಯ ಮುಚ್ಚಳ. ರೊಟ್ಟಿ ಮುರಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

“ಉಪ್ಪು ಕಮ್ಮಿ ಅದ,” ಅಂದಳು ಮುದುಕಿ, ಉಂಡು ಮುಗಿಸಿ. “ಎಣ್ಣಿ ಚೊಲೊ ಅದ.”

ಹೊರಡುವಾಗ ಅಕ್ಕ ಬರಿಗೈಲಿ ಕಳಿಸಲಿಲ್ಲ. ಕುಂಬಳಕಾಯಿ ಒಂದು, ಸಿರವಾರದ ಅಕ್ಕಿ ಅರ್ಧ ಚೀಲ, ಕೋಳಿ. ನಾನೇ ಹೊತ್ತು ಮುದುಕಿಯ ಅಂಗಳಕ್ಕೆ ಮುಟ್ಟಿಸಿದೆ. ಕೋಳಿಯ ಕಾಲು ಬಿಚ್ಚುತ್ತಾ ಮುದುಕಿ ತನ್ನ ಬಾಗಿಲಲ್ಲಿ ನಿಂತಳು. ಹಾಸಿದ ಹಾಸಿಗೆ ಹಿಂದೆ ಕಾಣುತ್ತಿತ್ತು. ಈಗ ಕರೆಯುತ್ತಾಳೆ, ಎಲ್ಲ ಮುಗಿಯಿತು ಎಂದುಕೊಂಡೆ.

“ಹೊರಗ ತಂಪದ,” ಎಂದು ಆಕೆ ಗಾಡಿಯ ಕಡೆಗೆ ಕೂಗಿದಳು. “ಬಾಗಲಾ ಹಾಕ್ಕೊ ಯವ್ವಾ. ಮುಂಜಾನಿ ನಮ್ಮನಿಗೆ ಚಾಕ್ಕ ಬಾ.”

ಒಳಗಿನಿಂದ ಅಗಳಿ ಬಿದ್ದ ಸದ್ದು ಕೇಳಿಸಿತು. ನಾನು ಗುಡಿಯ ಕಟ್ಟೆಯ ಮೇಲೆ ಮಲಗಿದೆ.

ಮರುದಿನ ಮಧ್ಯಾಹ್ನ ಮಾನ್ವಿ. ಗೊಬ್ಬರದ ಅಂಗಡಿಯ ಪಕ್ಕದಲ್ಲೇ ಮನೆ. ಅಣ್ಣ ಅಂಗಡಿಯಿಂದ ಇಳಿದು ಬಂದರು. ಗಿರಾಕಿಗಳು ಚೀಲ ಬಿಟ್ಟು ನೋಡುತ್ತ ನಿಂತರು. ಅಣ್ಣ ಕೈ ಚಾಚಿದರು, ಕೀಲಿಗೆ. ಗುಂಜಹಳ್ಳಿಯ ಸುದ್ದಿ, ಸಿರವಾರದ ಸುದ್ದಿ ಅವರಿಗೆ ಫೋನಿನಲ್ಲೇ ಮುಟ್ಟಿತ್ತು.

“ಮಲಗೀನಿ ಅಣ್ಣಾ,” ಅಂದರು ಅಕ್ಕ.

“ಎಲ್ಲಿ?”

“ನಮ್ಮನ್ಯಾಗ.”

ಅಣ್ಣ ನನ್ನ ಕಡೆ ತಿರುಗಿದರು. “ಖರೇ ಏನೋ ಮೇಸ್ತ್ರಿ?”

“ಖರೇರಿ. ಒಳಗಿಂದ ಅಗಳಿ ಹಾಕ್ಕೊಂಡು ಮಲಗ್ಯಾರ.”

ಚಾಚಿದ ಕೈಯನ್ನು ಅಣ್ಣ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಏನು ಮಾಡಬೇಕೆಂದು ತಿಳಿಯದೆ ಗಾಡಿಯ ಮೈಮೇಲೆ ಇಟ್ಟರು. ಬಿಸಿಲಿಗೆ ತಗಡು ಕಾದಿತ್ತು, ಆದರೂ ಎತ್ತಲಿಲ್ಲ. ಅತ್ತಿಗೆ ಬಾಗಿಲಿಗೆ ಬಂದು, “ಒಳಗ ಬರ್ರಿ, ಉಣ್ಣಾಕ ನೀಡೀನಿ,” ಅಂದರು. ಅಕ್ಕ ಹಿಂಬಾಗಿಲು ತೆಗೆದರು. “ಬರ್ತೀವಿ ವೈನಿ. ಮೊದಲ ಅಣ್ಣ ನಮ್ಮನ್ಯಾಗ ಒಂದು ಕಪ್ ಚಾ ಕುಡೀಲಿ.”

“ರೋಡಿನ್ಯಾಗ, ಗಾಡ್ಯಾಗ ಕುಂತು?” ಅಂದರು ಅಣ್ಣ. ಗಿರಾಕಿಗಳಲ್ಲಿ ಯಾರೋ ಕಿಸಕ್ಕನೆ ನಕ್ಕ.

ಅಕ್ಕ ಒಳಗೆ ಹೋಗಿ ಒಲೆ ಹಚ್ಚಿದರು. ಅಣ್ಣ ಗಾಡಿಯನ್ನು ಒಂದು ಸುತ್ತು ಹಾಕಿದರು. ಗಾಲಿ ನೋಡಿದರು, ನನ್ನ ವೆಲ್ಡಿಂಗ್ ನೋಡಿದರು, ನಕ್ಕವನ ಮುಖ ನೋಡಿದರು. ಹಿಂಬಾಗಿಲಿಗೆ ಬಂದು ನಿಂತರು. ಒಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದು, ಬಾಗಿ, ಮೊದಲು ಬಲಗಾಲಿನ ಚಪ್ಪಲಿ, ಆಮೇಲೆ ಎಡಗಾಲಿನದು ಬಿಚ್ಚಿ ಮೆಟ್ಟಿಲ ಪಕ್ಕ ನೆಲದ ಮೇಲೆ ಜೋಡಿಸಿಟ್ಟರು. ಬರಿಗಾಲಲ್ಲಿ ಒಳಗೆ ಏರಿದರು.

ನಾನು ಕಟ್ಟಿದ ಗಾಡಿ. ಆ ದಿನದವರೆಗೂ ಬೂಟು ಹಾಕಿಕೊಂಡೇ ಹತ್ತಿ ಇಳಿದಿದ್ದೆ. ಮೆಟ್ಟಿಲ ಮೇಲೆ ಕೂತು ಲೇಸು ಬಿಚ್ಚತೊಡಗಿದೆ.

“ತಂಗೀ,” ಎಂದು ಒಳಗಿನಿಂದ ಅಣ್ಣನ ದನಿ ಕೇಳಿಸಿತು. “ಸಕ್ರಿ ಕಮ್ಮಿ ಹಾಕು.”